ಬತ್ತೀನಿ ಅಂದ ದೆವ್ವ

ನನ್ನ ಕಾದಂಬರಿಯಲ್ಲಿ ಎರಡು ಕಥೆಗಳಿವೆ. ದೆವ್ವದ ಕಥೆ ಚೆನ್ನಾಗಿದೆ. ರಾಜಕುಮಾರನ ಕಥೆ ನನ್ನದು.

ಮಧುಗಿರಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದ ಬಸವಲಿಂಗಯ್ಯ ನಾನು. ದೆವ್ವವನ್ನು ಕೊಟ್ಟವಳು ಅಲ್ಲಿ ಬಿಸಿಯೂಟ ಮಾಡುತ್ತಿದ್ದ ಪಾಪಕ್ಕ, ವೈ.ಎನ್.ಹೊಸಕೋಟೆಯವಳು. ಸಂಜೆ ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತಾ ಕಥೆ ಹೇಳುವಳು. ನಾನು ಬರೆದುಕೊಳ್ಳುತ್ತಿದ್ದೆ.

ಕೋಟೆಯ ಕಾವಲುಗಾರನೊಬ್ಬ ಯುದ್ಧಕ್ಕೆ ಹೊರಡುವಾಗ ಹೆಂಡತಿಗೆ ‘ಬತ್ತೀನಿ’ ಅಂದ. ಅವಳು ‘ಹೋಗ್ಬಾ’ ಅಂದಳು. ಅವನು ಸತ್ತ. ಆದರೆ ಬರುತ್ತೇನೆ ಎಂದ ಮೇಲೆ ಬರಲೇಬೇಕಲ್ಲ! ದೆವ್ವವಾಗಿ ದಿನಾ ಬೆಳಗ್ಗೆ ಬರುತ್ತಾನೆ. ಆ ಮನೆಯ ಜಾಗದಲ್ಲಿ ಈಗ ಬೇಕರಿಯಿದೆ. ಪಾಪ, ಒಂದು ಬನ್ನು ತಿಂದು, ಅಭ್ಯಾಸದಂತೆ ‘ಬತ್ತೀನಿ’ ಎನ್ನುತ್ತಾನೆ. ಬೇಕರಿಯವನು ‘ಹೋಗ್ಬನ್ನಿ’ ಎನ್ನುತ್ತಾನೆ. ಅಲ್ಲಿಗೆ ಮತ್ತೆ ಸಿಕ್ಕಿಬಿದ್ದಂತೆ. ಹೊರಟು ನಿಂತಾಗ ಯಾರಾದರೂ ಬರೀ ‘ಹೋಗು’ ಎಂದರೆ ಮಾತ್ರ ಮುಕ್ತಿ. ನಮ್ಮ ಸೀಮೆಯಲ್ಲಿ ಅಂಥ ಅಪಶಕುನದ ಮಾತನ್ನು ಯಾರು ಆಡುತ್ತಾರೆ? ದೆವ್ವ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಬೇಕೆಂದೇ ಒಬ್ಬನ ಕಾಲು ತುಳಿಯಿತು. ಬೈಗುಳವೆಲ್ಲ ಮುಗಿದ ಮೇಲೆ ಅವನೂ ‘ಆಯ್ತು, ಹೋಗ್ಬಾರಪ್ಪ’ ಅಂದ.

ನನ್ನ ರಾಜಕುಮಾರನೋ, ನೂರು ಪುಟದುದ್ದಕ್ಕೂ ನೀಲಿ ಹೂವು ಹುಡುಕುತ್ತಾನೆ. ಅವನ ಕುದುರೆಗೂ ಬೇಜಾರಾಗಿತ್ತೆಂದು ಕಾಣುತ್ತದೆ.

ಕೊನೆಯ ಅಧ್ಯಾಯವೊಂದು ಉಳಿದಿತ್ತು; ದೆವ್ವಕ್ಕೆ ಮುಕ್ತಿ ಸಿಕ್ಕಿದ್ದು ಹೇಗೆಂದು ಪಾಪಕ್ಕ ಇನ್ನೂ ಹೇಳಿರಲಿಲ್ಲ. ಹಸ್ತಪ್ರತಿ ಓದಿದ ಪ್ರಕಾಶಕ ರಂಗೇಶ್ ಮನೆಗೆ ಬಂದು, ಪಾಪಕ್ಕನ ಎದುರಿಗೇ, "ರಾಜಕುಮಾರನ್ನ ತೆಗೆದ್ಬುಡಿ ಸಾರ್, ದೆವ್ವ ಒಂದೇ ಸಾಕು" ಅಂದ.

ಪಾಪಕ್ಕ ನಕ್ಕಳು. "ಊಂ ಮೇಷ್ಟ್ರೇ, ಆ ಹುಡ್ಗಂಗೆ ಟಿ.ಸಿ. ಕೊಟ್ಟು ಕಳ್ಸ್‌ಬುಡಿ."

ನನಗೆ ಉರಿದುಹೋಯಿತು. "ಅಡುಗೆ ಮಾಡೋರು ಅಡುಗೆ ಮಾಡ್ಕೊಂಡಿದ್ರೆ ಸಾಕು" ಅಂದುಬಿಟ್ಟೆ.

ಎಂದೂ ಇಲ್ಲದವಳು ಅಂದು ತನ್ನ ಲೋಟವನ್ನು ತಾನೇ ತೊಳೆದಿಟ್ಟಳು. "ಬತ್ತೀನಿ ಮೇಷ್ಟ್ರೇ" ಅಂದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ, ‘ಹೋಗ್ಬಾ’ ಎನ್ನಲೂ ಇಲ್ಲ. ಆ ಬೇಸಿಗೆಯಲ್ಲೇ ಅವಳು ಕೆಲಸ ಬಿಟ್ಟು ಊರಿಗೆ ಹೋದಳು.

ಕೊನೆಯನ್ನು ನಾನೇ ಬರೆದೆ. ರಾಜಕುಮಾರ ನೀಲಿ ಹೂವನ್ನು ಮೂಸಿಸಿ ದೆವ್ವವನ್ನು ಬಿಡಿಸಿದ. ಪಾಪಕ್ಕನ ಹೆಸರನ್ನು ಪುಸ್ತಕದಲ್ಲಿ ಎಲ್ಲೂ ಹಾಕಲಿಲ್ಲ. ಓದಿದವರೆಲ್ಲ ದೆವ್ವವನ್ನು ನೆನೆದು ನಗುತ್ತಾರೆ, ಕೊನೆಯ ವಿಷಯ ಬಂದಾಗ ಮಾತು ಬದಲಿಸುತ್ತಾರೆ. ಯಾರಾದರೂ ಹೊಗಳಿದರೆ ಈಗಲೂ ನಾಚಿಕೆಯಾಗುತ್ತದೆ.

ಹೋದ ತಿಂಗಳು ರಂಗೇಶ್ ಎರಡನೇ ಮುದ್ರಣದ ಮಾತು ತೆಗೆದ. ಮಾರನೇ ದಿನವೇ ಪಾವಗಡದ ಬಸ್ ಹತ್ತಿ ಹೊಸಕೋಟೆಗೆ ಹೋದೆ. ಪಾಪಕ್ಕ ಜಗುಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

"ಓರಿ ದೇವುಡಾ, ಮೇಷ್ಟ್ರು!" ಎಂದು ಎದ್ದು ಚಾಪೆ ಹಾಸಿದಳು, ಮಜ್ಜಿಗೆ ಕೊಟ್ಟಳು, ನನ್ನ ಹೆಂಡತಿಯ ಮಂಡಿನೋವು ವಿಚಾರಿಸಿದಳು.

"ತಪ್ಪಾಯ್ತು ಪಾಪಕ್ಕ" ಅಂದೆ. "ಈ ಸಲ ನಿನ್ನ ಹೆಸರು ಹಾಕಿಸ್ತೀನಿ. ರಾಜಕುಮಾರನ್ನ ತೆಗೆದುಹಾಕ್ತೀನಿ. ದೆವ್ವಕ್ಕೆ ‘ಹೋಗು’ ಅಂದೋರು ಯಾರು, ಅದೊಂದು ಹೇಳು."

"ಅದ್ಯಾವ ಕಾಲದ ಕತೆನೋ. ಮರ್ತೋಯ್ತು ಬುಡಿ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದೆ.

ಚಪ್ಪಲಿ ಮೆಟ್ಟಿಕೊಂಡು, "ಬತ್ತೀನಿ ಪಾಪಕ್ಕ" ಅಂದೆ.

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು.

"ಹೋಗಿ ಮೇಷ್ಟ್ರೇ" ಅಂದಳು.

‘ಬನ್ನಿ’ ಎನ್ನುವುದೊಂದು ಬಾಕಿಯಿದೆಯೆಂದು ಮೆಟ್ಟಿಲ ಮೇಲೇ ನಿಂತೆ. ಅವಳು ಮತ್ತೆ ಕಡಲೆಕಾಯಿ ಸುಲಿಯತೊಡಗಿದ್ದಳು.