ಕೆಂಪಿಗೇರಿದ ಮುಳ್ಳು

“ರಾತ್ರಿ ಹೆಣ ಕಾಯ್ತಾ ನೀನು ನಿದ್ದೆ ಮಾಡಿದೀಯ ಅತ್ತಿಗೆ. ಒಪ್ಕೊಂಬಿಡು. ಬೆಕ್ಕು ಹೆಣ ದಾಟಿದೆ.”

“ದಾಟಿಲ್ಲ.”

“ಮತ್ತೆ ಬೆಳಗ್ಗೆ ಅದು ಆ ಕೋಣೆಯಿಂದ ಹೊರಗೆ ಬಂತಲ್ಲ? ಅಂತಿಮ ದರ್ಶನಕ್ಕೆ ಹೋಗಿತ್ತಾ?”

ರಾಂಗೆಲ್ ವ್ಯಾನಿನ ಹಿಂಬಾಗಿಲನ್ನು ಧಡಾರನೆ ಮುಚ್ಚಿದ. ಒಳಗೆ ಪೆಟ್ಟಿಗೆಯಲ್ಲಿ ಅವನ ಅಣ್ಣ ಸ್ತಾಮೆನ್ ಮಲಗಿದ್ದ. ಇದೇ ವ್ಯಾನಿನಲ್ಲಿ ಸ್ತಾಮೆನ್ ಊರಿನ ಹಾಲು, ಹಿಟ್ಟು, ಹೆರಿಗೆ ನೋವಿನ ಹೆಂಗಸರು, ಎಲ್ಲವನ್ನೂ ಬೆಟ್ಟ ಇಳಿಸಿ ಪೇಟೆಗೆ ಮುಟ್ಟಿಸಿದವನು. ಬೇರೆ ಯಾವ ಶವದ ಗಾಡಿಯೂ ಈ ದಾರಿ ಹತ್ತುವುದಿಲ್ಲ. ಹಾಗಾಗಿ ಅವನ ಗಾಡಿಯೇ ಅವನಿಗೂ ಬಂತು.

ಬೆಕ್ಕು ದಾಟಿದ ಹೆಣ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಎದ್ದು ಮನೆಗೆ ಬರುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಹಾಗಾಗಬಾರದೆಂದರೆ ಹೂಳುವ ಮೊದಲು ಹಿಮ್ಮಡಿಗೆ ಕಾಡುಮುಳ್ಳು ಹೊಡೆಯಬೇಕು. ಬೆರಳುದ್ದದ ಅಂಥ ಮುಳ್ಳೊಂದನ್ನು ರಾಂಗೆಲ್ ಆಗಲೇ ಮುರಿದು ತಂದು ಕೋಟಿನ ಜೇಬಿಗೆ ಹಾಕಿಕೊಂಡಿದ್ದ.

“ನನ್ನ ಗಂಡನ ಕಾಲು ಮುಟ್ಟಿ ನೋಡು,” ಎಂದಳು ನೆವೆನಾ. “ನಿನ್ನ ಕೈ ಉಳಿಯಲ್ಲ.”

ಬಾಯಲ್ಲಿ ಹಾಗೆ ಹೇಳಿದಳು. ಆದರೆ ಬೆಳಗಿನ ಜಾವ ಅವಳಿಗೆ ಜೊಂಪು ಹತ್ತಿದ್ದು ನಿಜ. ಕಣ್ಣು ಬಿಟ್ಟಾಗ ಬೆಕ್ಕು ಪೆಟ್ಟಿಗೆಯ ಆಚೆ ಕೂತು ಪಂಜ ನೆಕ್ಕುತ್ತಿತ್ತು. ಮೇಲಿನಿಂದ ಹಾರಿತೋ, ಸುತ್ತಿ ಬಂತೋ, ದೇವರೇ ಬಲ್ಲ.

ರಾಂಗೆಲ್ ಸ್ಟಿಯರಿಂಗ್ ಮುಂದೆ ಕೂತ. ಸತ್ತವರನ್ನು ಒಯ್ಯುವ ಗಾಡಿಯಲ್ಲಿ ಹಗಲಲ್ಲೂ ದೀಪ ಉರಿಯಬೇಕು. ಎಂಜಿನ್ ಶುರು ಮಾಡಿ ಹೆಡ್‌ಲೈಟ್ ಹಾಕಿದ. ಮರುಕ್ಷಣ ಅವನ ಮುಖ ಸುಣ್ಣವಾಯಿತು.

ಎಂಜಿನ್ ಶಾಖ ತೋರಿಸುವ ಮೀಟರಿನ ಮುಳ್ಳು ತಳದಿಂದ ಎದ್ದು ನೇರವಾಗಿ ಕೆಂಪು ಗೆರೆಗೆ ಹೋಗಿ ನಿಂತಿತ್ತು.

ಹೆಣ ಕಳಿಸಲು ನೆರೆದಿದ್ದ ಊರವರ ನಡುವೆ ಅವನು ಕೆಳಗಿಳಿದು ಬಾನೆಟ್ ಮೇಲೆ ಕೈಯಿಟ್ಟ. ರಾತ್ರಿಯ ಮಂಜು ಇನ್ನೂ ಅದರ ಮೇಲೆ ಗಟ್ಟಿಯಾಗಿ ಕೂತಿತ್ತು.

“ನೋಡ್ರಪ್ಪಾ ಎಲ್ಲಾ. ಎಂಜಿನ್ ಮಂಜುಗಡ್ಡೆ. ಮುಳ್ಳು ಬೆಂಕಿ. ಯಾರ ಕಾವು ಇದು? ಹಿಂದೆ ಮಲಗಿದಾನಲ್ಲ, ಅವನದು.”

ಪಕ್ಕದ ಮನೆಯ ಗಿನಾ ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. “ಹೊಡೆದುಬಿಡು ಮಗಾ. ನೆವೆನಾ, ನೀನು ಆ ಕಡೆ ತಿರುಗಿ ನಿಂತ್ಕೊ. ಅವನಿಗೇನೂ ನೋಯಲ್ಲ.”

ಗುಂಪು ಹಿಂಬಾಗಿಲ ಕಡೆ ಸರಿಯಿತು. ನೆವೆನಾ ಮಾತ್ರ ಮೀಟರಿನ ಮುಳ್ಳನ್ನೇ ನೋಡುತ್ತ ನಿಂತಳು.

* * *

ಒಂದು ಬೇಸಿಗೆಯಿಡೀ ಆ ಮುಳ್ಳು ಸ್ತಾಮೆನ್‌ನ ಜೀವ ತಿಂದಿತ್ತು. ಅದು ಏರಿದರೆ ಹೀಟರ್ ಪೂರ್ತಿ ತಿರುಗಿಸಿ ಎಂಜಿನ್ನಿನ ಕಾವನ್ನು ಒಳಗೆಳೆಯುತ್ತಿದ್ದ. ಜುಲೈ ಸೆಕೆಯಲ್ಲಿ ಪೇಟೆಯಿಂದ ಬರುವವರು ಬೆವರಿಳಿಸುತ್ತ ಅವನ ವಂಶಕ್ಕೆಲ್ಲ ಬೈಯುತ್ತಿದ್ದರು. ರೇಡಿಯೇಟರ್ ಬಿಚ್ಚಿ ತೊಳೆದ. ಥರ್ಮೋಸ್ಟಾಟ್ ಬದಲಿಸಿದ. ಆದರೂ ಮುಳ್ಳು ಏರುತ್ತಿತ್ತು. ಇಳಿದು ರಬ್ಬರ್ ಪೈಪ್ ಮುಟ್ಟಿದರೆ ಎಂದಿನ ಬಿಸಿ, ಅಷ್ಟೆ.

“ಸುರಂಗ ಬಂದ್ರೆ ಏರುತ್ತೆ ಕಣೆ,” ಎಂದ ಒಂದು ದಿನ, ಅವಳನ್ನು ಪಕ್ಕ ಕೂರಿಸಿಕೊಂಡು ಗಾಡಿ ಓಡಿಸುತ್ತ. “ಆಚೆ ಬಂದ್ರೆ ಇಳಿಯುತ್ತೆ. ಏನು ಮಾಯ ಇದು?”

“ನಿನ್ನ ಗಾಡಿಗೆ ಕತ್ತಲೆ ಕಂಡ್ರೆ ಭಯ. ನಿನ್ನ ಥರಾನೇ.”

ಅವನು ನಕ್ಕ. ನಗುತ್ತ ನಗುತ್ತ ಬ್ರೇಕ್ ಒತ್ತಿದ. ದೀಪ ಹಾಕಿದ, ತೆಗೆದ, ಮತ್ತೆ ಹಾಕಿದ. ಆಮೇಲೆ ಹೆಂಡತಿಯ ಕೆನ್ನೆಗೆ ಗ್ರೀಸಿನ ತುಟಿಯಲ್ಲೇ ಮುತ್ತಿಟ್ಟ.

“ದೀಪಕ್ಕೂ ಮೀಟರಿಗೂ ಒಂದೇ ಅರ್ತ್ ವೈರು. ಅದು ಸಡಿಲ. ದೀಪ ಹಾಕಿದ್ರೆ ಮುಳ್ಳು ಸುಳ್ಳು ಹೇಳುತ್ತೆ.”

“ಹಾಗಾದ್ರೆ ಬಿಗಿ ಮಾಡು.”

“ಸುಳ್ಳು ಅಂತ ಗೊತ್ತಾಯ್ತಲ್ಲ. ಇನ್ಯಾಕೆ?”

ಅಂಥ ಸೋಮಾರಿ. ಮನೆಯ ಸೋರುವ ನಲ್ಲಿಗೂ ಅದೇ ಮಾತು ಹೇಳುತ್ತಿದ್ದ.

* * *

ನೆವೆನಾ ಕಿಟಕಿಯಿಂದ ಕೈ ಹಾಕಿ ಹೆಡ್‌ಲೈಟ್ ಆರಿಸಿದಳು. ಮುಳ್ಳು ಥಟ್ಟನೆ ತಳಕ್ಕೆ ಬಿತ್ತು.

“ಬನ್ನಿ ಇಲ್ಲಿ. ಎಲ್ಲರೂ ಬನ್ನಿ. ನೀನೂ ಬಾರಯ್ಯ, ಮುಳ್ಳಿನ ದೊರೆ.”

ಹಾಕಿದಳು, ಏರಿತು. ತೆಗೆದಳು, ಇಳಿಯಿತು. ಮೂರನೆಯ ಸಲಕ್ಕೆ ಗಿನಾ ಅಜ್ಜಿಯೇ ಮೊದಲು ನಕ್ಕಳು. “ಪೋಲಿ, ಸತ್ತ ಮೇಲೂ ನಮ್ಮನ್ನ ಆಟ ಆಡಿಸ್ತಾನೆ.”

ರಾಂಗೆಲ್ ನಗಲಿಲ್ಲ. “ಗಾಡಿ ಮಾತು ಮುಗೀತು. ಬೆಕ್ಕಿನ ಮಾತು ಮುಗಿದಿಲ್ಲ. ಪೆಟ್ಟಿಗೆ ಮೇಲೆ ಕೈಯಿಟ್ಟು ಹೇಳು ಅತ್ತಿಗೆ, ಕಣ್ಣು ಮುಚ್ಚಿಲ್ಲ ಅಂತ. ಹೇಳಿದ್ರೆ ನಾನು ಅವನನ್ನ ಮುಟ್ಟಲ್ಲ.”

ಎಲ್ಲರೂ ಅವಳನ್ನು ನೋಡಿದರು. ನೆವೆನಾ ಹಿಂಬಾಗಿಲು ತೆರೆದು ಮುಚ್ಚಳದ ಮೇಲೆ ಅಂಗೈ ಊರಿದಳು.

“ಕಣ್ಣು ಮುಚ್ಚಿಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಅಂಗೈಗೆ ಅದು ತಿಳಿಯಿತು. ಹಲಗೆ ಬೆಚ್ಚಗಿತ್ತು. ಬಿಸಿಲಿರಲಿಲ್ಲ, ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಆಗಷ್ಟೇ ಎದ್ದುಹೋದವನ ಹಾಸಿಗೆಯಂತೆ ಬೆಚ್ಚಗಿತ್ತು. ಅವಳು ಕೈ ತೆಗೆಯಲಿಲ್ಲ. ಮುಖವನ್ನೂ ಅಲುಗಿಸಲಿಲ್ಲ.

“ಸರಿ, ನಡೀರಿ,” ಎಂದ ರಾಂಗೆಲ್.

ದೀಪ ಉರಿಸಿಕೊಂಡೇ ಹೋದರು. ಮುಳ್ಳು ಕೆಂಪಿನಲ್ಲೇ ಇತ್ತು. ಅದರ ಕಡೆ ಈಗ ಯಾರೂ ನೋಡಲಿಲ್ಲ.

ಸ್ಮಶಾನದ ಗೇಟಿನಿಂದ ನಾಲ್ವರು ಪೆಟ್ಟಿಗೆ ಹೊತ್ತರು. ತಲೆಯ ಕಡೆ ರಾಂಗೆಲ್. ಹತ್ತು ಹೆಜ್ಜೆ ನಡೆದಿರಬಹುದು, ಅವನು ತಡವರಿಸಿದ. ಪೆಟ್ಟಿಗೆಗೆ ಒತ್ತಿದ್ದ ಕೆನ್ನೆಯನ್ನು ಸರಕ್ಕನೆ ಈಚೆ ತೆಗೆದ. ಹಿಂದೆ ಬರುತ್ತಿದ್ದ ನೆವೆನಾಳ ಕಡೆ ತಿರುಗಿದ.

“ಅತ್ತಿಗೆ.”

“ಏನು?”

ಅವಳ ಕಣ್ಣನ್ನೇ ಒಂದು ಗಳಿಗೆ ನೋಡಿದ. “ಏನಿಲ್ಲ.”

ಕೊಟ್ಟ ಮಾತಿಗೆ ತಪ್ಪಲಿಲ್ಲ, ಹಗ್ಗ ಹಿಡಿದು ಅಣ್ಣನನ್ನು ಕೆಳಗಿಳಿಸಿದ. ಪಾದ್ರಿ ಪ್ರಾರ್ಥನೆ ಶುರು ಮಾಡುವ ಮೊದಲೇ ಗುಂಪಿನಿಂದ ಹೊರಬಿದ್ದು, ಗೇಟು ದಾಟಿ, ಊರಿನ ಕಡೆಯಲ್ಲ, ಕಾಡಿನ ದಾರಿ ಹಿಡಿದ.

“ಎಲ್ಲಿಗೋ ಹೊರಟೆ? ಒಂದು ಹಿಡಿ ಮಣ್ಣಾದ್ರೂ ಹಾಕೋ,” ಎಂದು ಗಿನಾ ಅಜ್ಜಿ ಕೂಗಿದಳು.

ಅವನು ತಿರುಗಲಿಲ್ಲ. ಅಂದು ಸಾವಿನ ಊಟಕ್ಕೆ ಬರಲಿಲ್ಲ, ಆಮೇಲೆ ಊರಿಗೇ ಎಂದೂ ಬರಲಿಲ್ಲ.

ಮಣ್ಣು ಮುಚ್ಚುವ ಹೊತ್ತಿಗೆ ವರ್ಷದ ಮೊದಲ ಹಿಮ ಬೀಳತೊಡಗಿತು. ಸುತ್ತಲಿನ ಗೋರಿಗಳು, ಬೇಲಿ, ರಾಂಗೆಲ್ ಹೋದ ದಾರಿ, ಎಲ್ಲವೂ ಬೆಳ್ಳಗಾದವು. ಹೊಸ ಗುಡ್ಡೆಯ ಮೇಲೆ ಮಾತ್ರ ಬಿದ್ದ ಹಿಮ ಬಿದ್ದಂತೆ ಕರಗಿ, ಮಣ್ಣು ಕಪ್ಪಗೆ ಹೊಳೆಯುತ್ತಿತ್ತು.