ಕಾಲುವೆ ಏರಿಯ ನೀಲಿ ಚುಕ್ಕೆ

"ಯಾರು ಕೇಳಿದ್ರೂ ಹೇಳಬಾರ್ದು" ಎಂದು ಮಗಳು ಮಾತು ತೆಗೆದುಕೊಂಡಾಗ ಅವಳಿಗೆ ಆರು ವರ್ಷ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ, ಚಿಂದಿ ರಾಶಿಯಲ್ಲಿ ಮೂಗಿನವರೆಗೆ ಹೂತುಕೊಂಡು ಕೂತಿದ್ದಳು. ಬೀದಿಯ ಮಕ್ಕಳೆಲ್ಲ ಅವಳನ್ನು ಹುಡುಕಿಕೊಂಡು ಅಂಗಡಿ ಬಾಗಿಲಿಗೆ ಬಂದಿದ್ದವು. ತಾಯಿಯ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು, ಬಾಯಿ ಬಿಡುವಂತಿರಲಿಲ್ಲ. ಸುಮ್ಮನೆ ತಲೆಯಾಡಿಸಿ ಇಲ್ಲವೆಂದಳು. ಮಕ್ಕಳು ಹೋದ ಮೇಲೆ ಸೂಜಿ ತೆಗೆದಿಟ್ಟು, "ಆಯ್ತು ತಾಯೀ, ಪ್ರಾಣ ಹೋದ್ರೂ ಹೇಳಲ್ಲ" ಎಂದಳು. ಮೇಜಿನ ಕೆಳಗಿನ ಚಿಂದಿಯೆಲ್ಲ ಕಿಲಕಿಲ ನಕ್ಕಿತು.

ಆ ಮಗಳು ಗಂಡನ ಮನೆ ಬಿಟ್ಟು ಬಂದ ದಿನ ಅದೇ ಮಾತನ್ನು ಇನ್ನೊಮ್ಮೆ ಕೇಳಿದಳು. ಈ ಸಲ ಯಾರೂ ನಗಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ರೂಮು ಹಿಡಿದಳು. ಹಳೆಯ ಫೋನ್ ನಂಬರು ಬಿಸಾಡಿದಳು. ಮಣಿಕಟ್ಟಿನ ಮೇಲೆ ಇನ್ನೂ ಮಾಸದಿದ್ದ ಕಂದು ಗುರುತಿನ ಮೇಲೆ ಹೊಸ ಗಡಿಯಾರ ಕಟ್ಟಿಕೊಂಡು, ಚಿಕ್ಕಂದಿನ ಹಾಗೆ ಮತ್ತೆ ಓಡತೊಡಗಿದಳು, ಸಂಜೆ ಹೊತ್ತು, ಅಲ್ಲಿನ ಕಾಲುವೆಯ ಏರಿಯ ಮೇಲೆ. ಚಿಕ್ಕಂದಿನಲ್ಲಿ ಅವಳನ್ನು ಎಲ್ಲರೂ 'ಗಾಳಿ' ಎಂದೇ ಕರೆಯುತ್ತಿದ್ದರು.

ಅದು ಓಡುವವರೇ ಕಟ್ಟುವ ಗಡಿಯಾರ. ಸಿಮ್ಮು ಅದರೊಳಗೇ ಇತ್ತು, ಜೊತೆಗೆ ಫೋನು ಬೇಕಿರಲಿಲ್ಲ. ಓಟ ಶುರುವಾದ ಕೂಡಲೇ ತಾಯಿಯ ಫೋನಿಗೊಂದು ಮೆಸೇಜು ಬರುತ್ತಿತ್ತು. ಅದನ್ನು ಒತ್ತಿದರೆ ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ, ಮಗಳು ಹೋದಲ್ಲಿ ತಾನೂ ಹೋಗುವ ಚುಕ್ಕೆ.

"ಇದು ನಿನಗೊಬ್ಬಳಿಗೇ ಅಮ್ಮ. ನಂಗೇನಾದ್ರೂ ಆದ್ರೆ ಎಲ್ಲಿದ್ದೀನಿ ಅಂತ ನಿಂಗಾದ್ರೂ ಗೊತ್ತಿರ್ಲಿ."

"ಬಿಡ್ತು ಅನ್ನು!"

ಅಂದಿನಿಂದ ಸಂಜೆಯಾದರೆ ತಾಯಿಯ ಒಂದು ಕಣ್ಣು ಹೊಲಿಗೆಯ ಮೇಲೆ, ಇನ್ನೊಂದು ಚುಕ್ಕೆಯ ಮೇಲೆ. ಎದುರು ಕೂತು ಕಾಜಾ ಹೊಲಿಯುವವಳನ್ನು ಅಂಗಡಿಯಲ್ಲಿ ಎಲ್ಲರೂ ಕಾಜಕ್ಕ ಎನ್ನುತ್ತಿದ್ದರು. ಅವಳು ಬಿಡುತ್ತಿರಲಿಲ್ಲ. "ಓಡೋದು ಮಗಳು, ಏದುಸಿರು ನಿಂದು. ನಿನ್ ಹೊಲಿಗೆ ನೋಡು, ಅದೂ ಕಾಲುವೆ ಕಡೆಗೇ ಹೊರಟಿದೆ!"

ಅಳಿಯನಿಗೆ ಎರಡು ಬೀದಿ ಆಚೆ ಫೋನಿನ ಅಂಗಡಿ. ಮಗಳು ಬಿಟ್ಟು ಬಂದ ಹೊಸತರಲ್ಲಿ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. "ಎಲ್ಲಿದ್ದಾಳೆ ಅತ್ತೆ? ಒಂದೇ ಒಂದ್ಸಲ ಹೇಳಿ." ಅತ್ತೆ ಬಾಯಿಗೆ ಹೊಲಿಗೆ ಹಾಕಿಕೊಂಡಳು. ಆಮೇಲೆ ಒಂದು ದಿನ ಅವನು ಕೇಳುವುದನ್ನೇ ನಿಲ್ಲಿಸಿದ. ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬೆಣ್ಣೆಯಂಥ ಮಾತಾಡಿ ಹೋಗುತ್ತಿದ್ದ. ಬುದ್ಧಿ ಬಂತು ಪಾಪ ಎಂದುಕೊಂಡಿದ್ದಳು ಅವಳು.

ಅವತ್ತು ಸಂಜೆ ಬಂದವನು ಪ್ಯಾಂಟೊಂದನ್ನು ಮೇಜಿನ ಮೇಲಿಟ್ಟ. "ಕಾಲಿನ ಮಡಿಕೆ ಬಿಚ್ಚಿಹೋಗಿದೆ ಅತ್ತೆ. ಅರ್ಜೆಂಟೇನಿಲ್ಲ, ನಾಳೆ ಬರ್ತೀನಿ. ಸೊಂಟನೋವು ಹೇಗಿದೆ?"

"ಇದೆಯಪ್ಪ, ಅದೆಲ್ಲಿ ಹೋಗುತ್ತೆ."

"ಅವಳಿಗೂ ಹೇಳಿ, ಕಾಲಿಗೆ ಏನಾದ್ರೂ ಹಚ್ಕೊಳ್ಳಲಿ" ಎಂದ ಬಾಗಿಲು ದಾಟುತ್ತ. "ಮೊನ್ನೆ ಪಾಪ ಅರ್ಧಕ್ಕೇ ನಿಂತುಬಿಟ್ಟಳಲ್ಲ."

ಹೋಗಿಯೂಬಿಟ್ಟ.

ಅವಳು ಪ್ಯಾಂಟನ್ನು ಮಡಿಲಿಗೆಳೆದುಕೊಂಡು ಮಡಿಕೆ ಬಿಡಿಸಿದಳು. ಒಳಗೆ ಹುಲ್ಲಿನ ಮುಳ್ಳುಬೀಜಗಳು ಒತ್ತೊತ್ತಾಗಿ ಕಚ್ಚಿಕೊಂಡಿದ್ದವು. ಸೂಜಿ ಮೊನೆಯಿಂದ ಕೀಳುತ್ತ ಹೋದಳು. ಯಾವಾಗಲೂ ಇಸ್ತ್ರಿ ಗೆರೆ ಮುರಿಯದ ಬಟ್ಟೆ ತೊಡುವವನು. ಅಂಗಡಿ ಬಿಟ್ಟು ಕದಲದ ಮನುಷ್ಯ. ಈ ಬೀಜಗಳು ಅವಳಿಗೆ ಗೊತ್ತಿದ್ದವು. ಕಾಲುವೆಯ ಏರಿಯ ಮೇಲೆ ಓಡಿಬಂದ ಮಗಳ ಕಾಲುಚೀಲದಿಂದ ಇಂಥವನ್ನೇ ಬಿಡಿಸಿಕೊಟ್ಟಿದ್ದಳು. ಒಂದೆರಡಾದರೆ ದಾರಿಯಲ್ಲಿ ನಡೆದವನು. ಇಷ್ಟೊಂದು ಹತ್ತಬೇಕಾದರೆ ಹುಲ್ಲಿನ ನಡುವೆ ಕೂತು ಕಾದಿರಬೇಕು.

ಮಗಳು ಮೊನ್ನೆ ಅರ್ಧಕ್ಕೇ ನಿಂತಳೆಂದು ಇವನಿಗೆ ಹೇಳಿದವರು ಯಾರು? ಅದು ಗೊತ್ತಿದ್ದದ್ದು ಚುಕ್ಕೆಗೆ, ಚುಕ್ಕೆ ನೋಡುತ್ತಿದ್ದ ತನಗೆ ಮಾತ್ರ.

ಸೂಜಿ ಬೆರಳಿಗೆ ಚುಚ್ಚಿತು. ಆಗ ನೆನಪಾಯಿತು. ಅವಳ ಕೈಯಲ್ಲಿದ್ದ ಫೋನು ಮದುವೆಯಾದ ವರ್ಷ ಅಳಿಯನೇ ಕೊಟ್ಟದ್ದು. ಅಕ್ಷರ ದಪ್ಪ ಮಾಡಿಕೊಟ್ಟಿದ್ದ. "ನಿಮಗೆ ಬರೋ ಮೆಸೇಜೆಲ್ಲ ನನಗೂ ಬರೋ ಹಾಗೆ ಮಾಡಿದ್ದೀನಿ ಅತ್ತೆ. ಕರೆಂಟ್ ಬಿಲ್ಲು ಗಿಲ್ಲು ಅಂತ ನೀವು ಕಣ್ಣು ಕೆಡಿಸ್ಕೋಬೇಡಿ." ಎಂಥ ಅಳಿಯ ಸಿಕ್ಕಿದ ಎಂದು ಬೀದಿಗೆಲ್ಲ ಸಾರಿದ್ದಳು. ಅವಳ ಬಾಯಿಗೆ ಬಿದ್ದ ಹೊಲಿಗೆ ಈ ಫೋನಿಗೆ ಬಿದ್ದಿರಲಿಲ್ಲ.

ಫೋನು ಮೇಜಿನ ಮೇಲೆ ಗುಂಯ್‌ಗುಟ್ಟಿತು. ಓಟ ಶುರುವಾಗಿತ್ತು. ಕಾಲುವೆಯ ತುದಿಯಲ್ಲಿ ಚುಕ್ಕೆ ಕಣ್ಣು ಬಿಟ್ಟಿತು. ಇಷ್ಟರಲ್ಲಾಗಲೇ ಅಳಿಯನ ಜೇಬಿನಲ್ಲೂ ಇದೇ ಗುಂಯ್ ಕೇಳಿಸಿರುತ್ತದೆ.

"ಕಾಜಕ್ಕ, ನಿನ್ ಫೋನು ಕೊಡು."

"ನಿಂದಕ್ಕೇನು ಬಂತು ರೋಗ?"

"ಇದು ನಂದಲ್ಲ ಕಣೇ, ಇದ್ರಲ್ಲಿ ಮಾತಾಡಿದ್ರೆ ಅವನಿಗೂ ಕೇಳ್ಸುತ್ತೇನೋ! ಕೊಡು!"

ಕಾಜಕ್ಕನ ನಗು ಅರ್ಧಕ್ಕೇ ನಿಂತಿತು. ತಾಯಿ ಗಡಿಯಾರದ ನಂಬರನ್ನು ತನ್ನ ಫೋನಿನಲ್ಲಿ ನೋಡಿ ಕಾಜಕ್ಕನ ಫೋನಿನಲ್ಲಿ ಒತ್ತಿದಳು. ರಿಂಗಾಯಿತು, ಕಟ್ಟಾಯಿತು. ಗೊತ್ತಿಲ್ಲದ ನಂಬರನ್ನು ಮಗಳು ಎತ್ತುವುದಿಲ್ಲ. ಎತ್ತಬೇಡವೆಂದು ಹೇಳಿಕೊಟ್ಟವಳೂ ಇವಳೇ. ಮತ್ತೆ ಒತ್ತಿದಳು, ಮತ್ತೆ ಕಟ್ಟಾಯಿತು. ಚುಕ್ಕೆ ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು. ಮನೆಗಳು ಮುಗಿಯುವ ತಿರುವು, ಅದರಾಚೆ ಏರಿ, ಏರಿಯ ಮೇಲೆ ಆಳೆತ್ತರದ ಹುಲ್ಲು.

ಬಿಡದೆ ಒತ್ತಿದಳು. ಕೊನೆಗೆ ಏದುಸಿರಿನ ನಡುವೆ ಸಿಡುಕು ದನಿ ಬಂತು. "ಯಾರ್ರೀ ನೀವು?"

"ಮೇಜಿನ ಕೆಳಗೆ ಹೋಗು" ಎಂದಳು ತಾಯಿ.

ಆ ಕಡೆ ಓಡುವ ಕಾಲಿನ ಸದ್ದು ನಿಂತಿತು. "ಅಮ್ಮ?"

"ಏರಿ ಹತ್ತಬೇಡ. ತಿರುಗಿ ಜನ ಇರೋ ಕಡೆ ಓಡು. ಈ ಚುಕ್ಕೆ ಅವನಿಗೂ ಕಾಣ್ತಿದೆ, ನನ್ ಫೋನಿಂದಲೇ. ಗಡಿಯಾರ ಆರಿಸಿಬಿಡು."

"ಆಮೇಲೆ ನಿಂಗೆ ಹೇಗಮ್ಮ ಗೊತ್ತಾಗೋದು, ನಾನೆಲ್ಲಿ—"

"ನಂಗೆ ಗೊತ್ತಾಗೋದು ಬೇಡ. ನಂಗೂ ಹೇಳ್ಬೇಡ. ಓಡು ಗಾಳಿ, ಓಡು!"

ಚುಕ್ಕೆ ಒಂದು ಗಳಿಗೆ ಅಲ್ಲೇ ಮಿಡುಕಿತು. ಆಮೇಲೆ ಇಲ್ಲವಾಯಿತು. ನಕ್ಷೆಯ ಮೇಲೆ ಕಾಲುವೆಯ ಗೆರೆಯೊಂದೇ ಉಳಿಯಿತು. ಗಡಿಯಾರವನ್ನು ಆರಿಸಿದ್ದು ಮಗಳ ಕೈಯೋ ಬೇರೆ ಕೈಯೋ, ಅದನ್ನು ಹೇಳಲು ಈಗ ಯಾವ ಚುಕ್ಕೆಯೂ ಇರಲಿಲ್ಲ.

ಕಾಜಕ್ಕ ತನ್ನ ಫೋನು ಕಸಿದುಕೊಂಡು ಪೊಲೀಸರಿಗೆ ಹಚ್ಚಿದಳು. ಕಾಲುವೆ, ಏರಿ, ಹುಲ್ಲು ಎನ್ನುತ್ತಿದ್ದಳು. ಅಷ್ಟರಲ್ಲಿ ತಾಯಿಯ ಫೋನು ಬಡಿದುಕೊಂಡಿತು. ಅಳಿಯ.

"ಅತ್ತೆ." ಅವನ ಮಾತಿನ ಹಿಂದೆ ಕಾಲುವೆಯ ನೀರು ಬೀಳುವ ಸದ್ದಿತ್ತು. "ಎಲ್ಲಿದ್ದಾಳೆ ಅತ್ತೆ?"

ಎಷ್ಟೋ ತಿಂಗಳ ಮೇಲೆ ಅವನು ಆ ಪ್ರಶ್ನೆ ಕೇಳುತ್ತಿದ್ದ. ಹಾಗಾದರೆ ಅವಳು ಅವನ ಕೈಗೆ ಸಿಕ್ಕಿಲ್ಲ. ತಾಯಿ ಅಷ್ಟರಮಟ್ಟಿಗೆ ಉಸಿರೆಳೆದುಕೊಂಡಳು.

"ಗೊತ್ತಿಲ್ಲಪ್ಪ."

ನೀರು ಬೀಳುತ್ತಲೇ ಇತ್ತು.

"ಸರಿ ಅತ್ತೆ" ಎಂದ ಅವನು, ಎಂದಿನ ಬೆಣ್ಣೆಯ ದನಿಯಲ್ಲೇ. "ಪ್ಯಾಂಟು ನಾಳೆ ಬೇಡ. ಈಗಲೇ ಬರ್ತೀನಿ. ಅಂಗಡಿಯಲ್ಲೇ ಇರಿ."

ಕಾಜಕ್ಕ ಎದ್ದು ಷಟರು ಎಳೆದಳು. ತಾಯಿ ದೊಡ್ಡ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು, ಪ್ಯಾಂಟಿನ ಪಕ್ಕದಲ್ಲಿ ಕೂತಳು. ಮೇಜಿನ ಕೆಳಗೆ ಚಿಂದಿಯ ರಾಶಿ ಅಲುಗದೆ ಬಿದ್ದಿತ್ತು.

ಮಗಳು ಎಲ್ಲಿದ್ದಾಳೆಂದು ಅವಳು ಯಾರಿಗೂ ಹೇಳಲಿಲ್ಲ. ಕೊಟ್ಟ ಮಾತು ಉಳಿಯಿತು.