ಸಾವ್ಕಾರ್ರು ಹೊರಗ ಹೋಗ್ಯಾರ

ಕೂತರೆ ಏನಾಗುತ್ತದೆ? ಕುರ್ಚಿ ತನ್ನದೇ, ಅಂಗಡಿಯೂ ತನ್ನದೇ. ಬಾಗಿಲಲ್ಲಿ ಯಾರೂ ಇಲ್ಲ. ಆದರೂ ಯಾರಾದರೂ ಬಂದು ‘ಏಳೋ’ ಎಂದರೆ? ಹಾಗೆ ಅನ್ನುವವರು ಯಾರೆಂದು ಫಕ್ಕೀರೇಶ ಮನಸ್ಸಿನಲ್ಲೇ ಹುಡುಕಿದ. ಒಂದು ಮುಖವೂ ಹೊಳೆಯಲಿಲ್ಲ. ಕೈ ಮಾತ್ರ ನನ್ನ ಬೆನ್ನಿನ ಮೇಲೆ ಬೆವರುತ್ತಿತ್ತು.

ನಾನು ಒಂದು ತಿರುಗುವ ಕುರ್ಚಿ. ಅಂಗೈಯ ಬೆವರಿನಿಂದ ಮನಸ್ಸನ್ನು ತಿಳಿಯುವುದು ನಿಂತಲ್ಲೇ ನಿಂತು ಕಲಿತ ವಿದ್ಯೆ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ. ಕಬ್ಬಿಣದ ಕಾಲುಗಳಿಗೆ ಬೆಸುಗೆ ಹಾಕಿ, ಸ್ಪಂಜು ತುಂಬಿ, ಕಂದು ರೆಕ್ಸಿನ್ ಹೊದಿಸಿ ಮೊಳೆ ಹೊಡೆದರು. ಗದಗಿನ ಅಂದಾನೆಪ್ಪ ನನ್ನನ್ನು ಕೊಂಡರು. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವರದು. ಅವರು ಕೂತಾಗ ನಾನು ಕಿರ್ರೆನ್ನುತ್ತಿದ್ದೆ. ಆ ಸದ್ದಿಗೇ ಕೆಲಸಗಾರರು ಮಾತು ನಿಲ್ಲಿಸಿ ತಲೆ ತಗ್ಗಿಸುತ್ತಿದ್ದರು. ಅವರಲ್ಲೊಬ್ಬ ಫಕ್ಕೀರೇಶ. ಮೀಸೆ ಮೂಡುವ ಮೊದಲೇ ಬಂದವನು, ತಲೆ ನರೆಯುವವರೆಗೂ ಅಲ್ಲಿಯೇ ಇದ್ದ. ಬೆಳಿಗ್ಗೆ ನನ್ನನ್ನು ಒರೆಸಿ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದ, ನನ್ನ ಮೇಲೆ ಆಗಲೇ ಯಾರೋ ಕೂತಿರುವಂತೆ.

ನಮ್ಮ ಕಡೆ ಅಂಗಡಿಯ ಒಡೆಯನಿಗೆ ಸಾವ್ಕಾರ್ರು ಎನ್ನುತ್ತಾರೆ. ವಯಸ್ಸಾಗಿ ಅಂಗಡಿ ಮುಚ್ಚಿದ ದಿನ ಅಂದಾನೆಪ್ಪ, “ಫಕ್ಕೀರ್ಯಾ, ಈ ಕುರ್ಚಿ ನೀ ಒಯ್ಯಿ. ಇನ್ನ ಮ್ಯಾಲೆ ನೀನೂ ಸಾವ್ಕಾರ” ಎಂದು ನಕ್ಕರು. ಅವನೂ ನಕ್ಕ. ಅದನ್ನು ಅವನು ಚೇಷ್ಟೆ ಎಂದೇ ತಿಳಿದುಕೊಂಡ.

ಹೆಂಡತಿ ಶಾವಂತ್ರವ್ವನ ಒತ್ತಾಯಕ್ಕೆ ಅವನು ಬಸ್‌ಸ್ಟ್ಯಾಂಡಿನ ಹಿಂದೆ ಸ್ವಂತ ಅಂಗಡಿ ತೆರೆದ. ನನ್ನನ್ನು ನಡುವೆ ಇಟ್ಟ. ಮೊದಲ ಬೆಳಿಗ್ಗೆ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತವನು, ಕೊನೆಗೆ ಹೋಗಿ ಸ್ಟೂಲಿನ ಮೇಲೆ ಕೂತ.

ಯಾರಾದರೂ “ಸಾವ್ಕಾರ್ರ” ಎಂದು ಕರೆದರೆ ಅವನು ಹಿಂದೆ ತಿರುಗಿ ನೋಡುತ್ತಿದ್ದ. ಒಂದು ದಿನ ಪಂಪು ತಂದವನು, “ನಿಮ್ಮ ಸಾವ್ಕಾರ್ರು ಎಲ್ಲದಾರ್ರಿ?” ಎಂದು ಕೇಳಿದ. “ಹೊರಗ ಹೋಗ್ಯಾರ್ರಿ” ಎಂದು ಫಕ್ಕೀರೇಶನ ಬಾಯಿಂದ ಬಂದುಬಿಟ್ಟಿತು. ಎಷ್ಟೋ ವರ್ಷ ಹೇಳಿ ರೂಢಿಯಾದ ಮಾತು. ಹೇಳಿದ ಮೇಲೆ ಅವನ ಭುಜ ಸಡಿಲವಾದದ್ದನ್ನು ನಾನು ಕಂಡೆ. ಆಮೇಲೆ ದರ ಹೇಳಬೇಕಾದಾಗ, ಆಗದ ಕೆಲಸಕ್ಕೆ ಇಲ್ಲ ಎನ್ನಬೇಕಾದಾಗ, “ಸಾವ್ಕಾರ್ರನ್ನ ಕೇಳಿ ಹೇಳ್ತೀನ್ರಿ” ಎನ್ನತೊಡಗಿದ. ಹೀಗೆ ಯಾರೂ ಕಾಣದ ಒಬ್ಬ ಒಡೆಯ ನನ್ನ ಮೇಲೆ ಬಂದು ಕೂತ. ಖಾಲಿ ಕುರ್ಚಿಗೂ ಭಾರವಿರುತ್ತದೆ ಎಂಬುದು ನನಗೆ ಆಗ ತಿಳಿಯಿತು.

“ಏನಪಾ, ನಿಮ್ಮ ಸಾವ್ಕಾರ ಥೇಟ್ ದೇವರಿದ್ದಂಗ. ಅದಾನಂತ, ಆದ್ರ ಕಣ್ಣಿಗೆ ಬೀಳಂಗಿಲ್ಲ!” ಎಂದು ಚಹಾ ತರುವ ಹಸನಸಾಬ ಕಾಡಿಸುತ್ತಿದ್ದ.

ಶಾವಂತ್ರವ್ವ ನಗಲಿಲ್ಲ. “ಮಂದಿ ಅಂಗಡ್ಯಾಗ ಆಳಾಗಿದ್ರಿ, ಇರ್ಲಿ. ನಿಮ್ಮ ಅಂಗಡ್ಯಾಗೂ ಆಳೇ ಏನ್ರಿ?”

“ಬಾಯಿ ಮುಚ್ಚ. ಕೆಲಸ ನಡದೈತಲ್ಲ.”

ಕೆಲಸ ನಡೆದಿರಲಿಲ್ಲ. ಒಡೆಯ ಎಂದೂ ಸಿಗದ ಅಂಗಡಿಗೆ ಜನ ಎರಡನೆಯ ಸಲ ಬರುತ್ತಿರಲಿಲ್ಲ. ಅಂಗಡಿ ಉಳಿಯಲು ಒಂದೇ ದಾರಿ ಇತ್ತು. ಊರ ಹೊರಗಿನ ನೂಲಿನ ಗಿರಣಿಯವರು ತಮ್ಮ ಮೋಟಾರುಗಳ ರಿಪೇರಿಯನ್ನೆಲ್ಲ ಒಂದೇ ಅಂಗಡಿಗೆ ಒಪ್ಪಿಸುವವರಿದ್ದರು. ಗಿರಣಿಯ ಮ್ಯಾನೇಜರ್ ಒಂದು ಮಧ್ಯಾಹ್ನ ತಾವೇ ಬಂದರು. ಫಕ್ಕೀರೇಶ ಮಾಡಿದ ಕೆಲಸ ನೋಡಿ ತಲೆದೂಗಿದರು.

“ಓನರ್‌ನ ಕರೀರಿ. ಇವತ್ತೇ ಮಾತು ಮುಗಿಸೋಣ.”

“ಹೊರಗ ಹೋಗ್ಯಾರ್ರಿ. ಬರ್ತಾರ.”

ಬುತ್ತಿ ತಂದಿದ್ದ ಶಾವಂತ್ರವ್ವ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ತಡೆಯಲಾಗಲಿಲ್ಲ. “ಇವ್ರೇ ರೀ ಸಾವ್ಕಾರ್ರು. ಅಂಗಡಿ ಇವರದೇ.”

ಮ್ಯಾನೇಜರ್ ಅವನ ಕಡೆ ತಿರುಗಿದರು. “ಹೌದೇನ್ರಿ?”

ಫಕ್ಕೀರೇಶ ಸ್ಟೂಲಿನಿಂದ ಎದ್ದ. ಕೈಗೆ ಮೆತ್ತಿದ್ದ ವಾರ್ನಿಶನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ನಕ್ಕ.

“ಅಕಿ ಚೇಷ್ಟಿ ಮಾಡ್ತಾಳ್ರಿ ಸಾಹೇಬ್ರ.”

ಶಾವಂತ್ರವ್ವ ಬುತ್ತಿಯನ್ನು ನೆಲದ ಮೇಲಿಟ್ಟು ಹೊರಟುಹೋದಳು. ಮ್ಯಾನೇಜರ್ ಇನ್ನೂ ಸ್ವಲ್ಪ ಹೊತ್ತು ಕಾದರು. ಆ ಅಂಗಡಿಯೊಳಗೆ ಯಾರೂ ಬರುವವರಿರಲಿಲ್ಲ.

ಗಿರಣಿಯ ಕೆಲಸ ಅದೇ ಬೀದಿಯಲ್ಲಿ ಹೊಸದಾಗಿ ಮೋಟಾರು ರಿಪೇರಿ ಅಂಗಡಿ ಹಾಕುತ್ತಿದ್ದ ಶರಣುವಿಗೆ ಸಿಕ್ಕಿತು. ಅವನಿಗೆ ತಂತಿ ಸುತ್ತಲು ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಅಂಗಡಿಗೆ ಶಟರ್ ಕೂಡಿಸುವ ಮೊದಲೇ ಬೀದಿಯಲ್ಲಿ ನಿಂತು “ನಾನೇ ಓನರ್ ರೀ” ಎಂದವನು ಅವನು. ಮಳೆಗಾಲ ಮುಗಿಯುವುದರೊಳಗೆ ಫಕ್ಕೀರೇಶ ಅಂಗಡಿ ಮುಚ್ಚಿದ. ಸಾಮಾನನ್ನೆಲ್ಲ ಶರಣು ಕೊಂಡ. ನನ್ನನ್ನೂ ಕೊಂಡ, ಕೆಲಸಕ್ಕೆ ಫಕ್ಕೀರೇಶನನ್ನೂ ಇಟ್ಟುಕೊಂಡ. “ಶರಣು ಸಾವ್ಕಾರ್ರ” ಎನ್ನುವಾಗ ಫಕ್ಕೀರೇಶನ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ. ಅವನ ಮುಖದಲ್ಲಿ ನೆಮ್ಮದಿಯಿತ್ತು. ಅದೊಂದನ್ನು ಮಾತ್ರ ನನ್ನಿಂದ ನೋಡಲಾಗಲಿಲ್ಲ.

ಶಾವಂತ್ರವ್ವ ಅಲ್ಲಿಗೂ ಬುತ್ತಿ ತರುತ್ತಿದ್ದಳು. ಹೊಸ್ತಿಲ ಹೊರಗೆ ನಿಂತು ಚಾಚುತ್ತಿದ್ದಳು. ಅವನು ಎದ್ದು ಬಂದು ತೆಗೆದುಕೊಳ್ಳುತ್ತಿದ್ದ.

ಈಗ ನನ್ನ ಒಂದು ಕಾಲು ಮುರಿದಿದೆ. ಅಂಗಡಿಯ ಹಿಂದೆ, ಸುಟ್ಟ ತಂತಿಯ ರಾಶಿಯ ಪಕ್ಕ ಬಿದ್ದಿದ್ದೇನೆ. ಗುಜರಿಯವನು ಬರಬೇಕು, ಅಷ್ಟೆ. ನಾನು ಎಂದೂ ಯಾರಿಗೂ ಏಳು ಎಂದವನಲ್ಲ. ಆ ಮಾತು ಫಕ್ಕೀರೇಶನೊಳಗೇ ಇತ್ತು, ಅದನ್ನು ಅಲ್ಲಿಂದ ಎಬ್ಬಿಸುವುದು ನನ್ನಿಂದಾಗಲಿಲ್ಲ. ಶಾವಂತ್ರವ್ವನಿಂದಲೂ ಆಗಲಿಲ್ಲ.

ಅವಳು ತೀರಿಕೊಂಡು ಈಗ ಬಹಳ ದಿನಗಳಾದವು. ಅಂದು ಮ್ಯಾನೇಜರ್ ಎದುರು ಅವಳು ಹೇಳಿದ್ದು ಖರೆ ಎಂದು ಫಕ್ಕೀರೇಶ ಅವಳಿಗೆ ಒಮ್ಮೆಯೂ ಹೇಳಲಿಲ್ಲ.